ಎಡಗೈಗೆ ರಜೆ

ಮೋಟಾರ್ ಸೈಕಲ್ ಓಡಿಸುವವರಲ್ಲಿ ಬಲಗೈಗೆ ಇರುವ ಮರ್ಯಾದೆ ಎಡಗೈಗೆ ಇಲ್ಲ. ಆಕ್ಸಿಲರೇಟರ್ ತಿರುವುವುದು ಬಲಗೈ, ಮುಂದಿನ ಬ್ರೇಕ್ ಹಿಡಿಯುವುದೂ ಬಲಗೈ. ಓಟದ ಹೆಮ್ಮೆಯೆಲ್ಲ ಅದರದ್ದೇ. ಎಡಗೈ ಪಾಪ, ಕ್ಲಚ್ ಎಂಬ ಒಂದು ಕಡ್ಡಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆಯುಷ್ಯ ಕಳೆಯುತ್ತದೆ. ಸುಗ್ಗಿಯ ಕಾಲದಲ್ಲಿ ಸಿಂಧನೂರಿನ ರಸ್ತೆಗಳಲ್ಲಿ ಗಾಡಿ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಭತ್ತ ಹೇರಿದ ಟ್ರ್ಯಾಕ್ಟರ್ ಎದುರಿಗೆ ತಿರುಗಿತು, ಕ್ಲಚ್ಚು. ಎಮ್ಮೆ ಅಡ್ಡ ಬಂತು, ಕ್ಲಚ್ಚು. ಬೀಗರು ಕಂಡು ಕೈ ಎತ್ತಿದರು, ಮತ್ತೆ ಕ್ಲಚ್ಚು. ಮನೆ ಮುಟ್ಟಿ ಚಹಾದ ಬಟ್ಟಲು ಹಿಡಿದರೆ ಎಡಗೈ ಬೆರಳು ನಡುಗುತ್ತಿರುತ್ತವೆ.

ಈ ಬಡಪಾಯಿ ಕೈಗೆ ರಜೆ ಕೊಡಿಸುವ ಪ್ರಯತ್ನ ಬಹಳ ಹಳೆಯದು. ಅದರ ಈಚಿನ ಅವತಾರಕ್ಕೆ ಕ್ವಿಕ್ ಶಿಫ್ಟರ್ ಎಂದು ಹೆಸರು. ಕ್ಲಚ್ ಹಿಡಿಯುವುದು ಬೇಡ, ಆಕ್ಸಿಲರೇಟರ್ ಇಳಿಸುವುದೂ ಬೇಡ. ಕಾಲಿನಿಂದ ಒತ್ತಿದರೆ ಗೇರ್ ಬಿದ್ದೇ ಬಿಡುತ್ತದೆ. ಮೊದಲು ರೇಸಿನ ಗಾಡಿಗಳಲ್ಲಿದ್ದ ಈ ಏರ್ಪಾಟು 2009ರ ಹೊತ್ತಿಗೆ ಬಿಎಂಡಬ್ಲ್ಯುನಂಥವರ ಸಾವಿರ ಸಿಸಿಯ ಗಾಡಿಗಳಿಗೆ ಬಂತು. ನಮ್ಮ ದೇಶದಲ್ಲಿ 2021ರ ಯಮಹಾ ಆರ್‌15ರಂಥ ಸಣ್ಣ ಗಾಡಿಗೂ ಸಿಕ್ಕಿತು. 2023ರಲ್ಲಿ ಹೊಸೂರಿನ ಟಿವಿಎಸ್‌ನವರು ಅಪಾಚೆ ಆರ್‌ಟಿಆರ್ 310 ತಂದಾಗ, ಗೇರ್ ಏರಿಸಲಿಕ್ಕೂ ಇಳಿಸಲಿಕ್ಕೂ ಎರಡಕ್ಕೂ ಕ್ವಿಕ್ ಶಿಫ್ಟರ್ ಒದಗಿಸಿದರು. ಹೀಗೆ ಇಳಿಯುತ್ತ ಇಳಿಯುತ್ತ ಅದು ಸಿಂಧನೂರಿನ ನಮ್ಮ ಸೋದರಮಾವನ ಮನೆಯಂಗಳಕ್ಕೂ ಬಂದು ನಿಂತಿತು. ತಂದವನು ಮಾವನ ಮೊಮ್ಮಗ.

ಆ ಮನೆಯಲ್ಲಿ ಕ್ಲಚ್ ಮುಟ್ಟದೆ ಗಾಡಿ ಓಡಿಸಿದ ಮೊದಲನೆಯವನು ಮೊಮ್ಮಗನಲ್ಲ, ಮಾವ.

1984ರ ಸುಗ್ಗಿಯಲ್ಲಿ ಜೋಳದ ರಾಶಿ ಮಷಿನ್ನಿಗೆ ಸಿಕ್ಕು ಮಾವನ ಎಡಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಆಗ ಅವನಿಗೆ ಮೂವತ್ತರ ಆಸುಪಾಸು. ಮನೆಯಲ್ಲಿ ಮೂರು ಸಣ್ಣ ಮಕ್ಕಳು. ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಅವನಿಗೆ ವಸೂಲಿ ಕೆಲಸ ಇತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರಿಯ ಹಳ್ಳಿಗಳಿಗೆ, ಕಾಲುವೆ ನೀರು ಬಂದ ಮೇಲೆ ಎದ್ದ ಕ್ಯಾಂಪುಗಳಿಗೆ ಹೋಗಿ, ಉದ್ದರಿ ಬರೆದದ್ದನ್ನು ವಸೂಲು ಮಾಡಿ ತರಬೇಕು. ಬಸ್ಸಿಗೆ ಕಾಯುತ್ತ ಕುಳಿತರೆ ದಿನಕ್ಕೆ ಎರಡು ಊರು ಮುಗಿಯುವುದಿಲ್ಲ. ಅಂಗಡಿಯ ಮಾಲೀಕರು ಕೆಟ್ಟವರೇನಲ್ಲ. ಆದರೆ ಲೆಕ್ಕದ ಮನುಷ್ಯ. "ಗಾಡಿ ಹೊಡೆಯಾಕ ಬಂದ್ರ ಕೆಲಸ ನಿಂದ. ಬರದಿದ್ರ ಬ್ಯಾರೆಯವ್ರನ್ನ ನೋಡ್ತೀನಿ" ಎಂದರು.

ಮಾವ ಸಿಕ್ಕ ಸಿಕ್ಕವರ ಗಾಡಿ ಹತ್ತಿ ನೋಡಿದ. ಕಿರುಬೆರಳನ್ನು ಕೊಕ್ಕೆ ಮಾಡಿ ಎಷ್ಟು ಜಗ್ಗಿದರೂ ಕ್ಲಚ್ ಪೂರ್ತಿ ಬರಲಿಲ್ಲ. ಅರ್ಧ ಬಂದ ಕ್ಲಚ್ಚು ಅರ್ಧ ಬೆಂದ ಅನ್ನದ ಹಾಗೆ, ಯಾವ ಕೆಲಸಕ್ಕೂ ಬಾರದು. ಗಾಡಿ ಗಕ್ಕನೆ ಜಿಗಿದು ನಿಂತುಬಿಡುತ್ತಿತ್ತು. ಕೊನೆಗೆ ಮಸ್ಕಿಯ ಒಬ್ಬ ಮೆಕ್ಯಾನಿಕ್ ಅವನ ಕೈ ನೋಡಿ, ತನ್ನ ಅಂಗಡಿಯ ಮುಂದೆ ನಿಂತಿದ್ದ ಹಳೆಯ ಯೆಜ್ಡಿಯನ್ನು ತೋರಿಸಿ, "ಇದಕ್ಕ ಕೈ ಬ್ಯಾಡ್ರಿ, ಕಾಲು ಸಾಕು" ಎಂದನಂತೆ.

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಕ್ಲಚ್ ಏನು ಮಾಡುತ್ತದೆ ಎನ್ನುವುದನ್ನು ನೋಡಬೇಕು.

ನಮ್ಮ ಕಡೆ ಕಡಕ್ ರೊಟ್ಟಿಯನ್ನು ಒಂದರ ಮೇಲೊಂದು ಅಡಕಿ ಇಡುತ್ತಾರಲ್ಲ, ಕ್ಲಚ್ಚಿನ ಪ್ಲೇಟುಗಳು ಹಾಗೆ. ಒಂದು ಬಿಟ್ಟು ಒಂದು ಪ್ಲೇಟು ಎಂಜಿನ್ನಿನ ಕಡೆಗೆ ಸೇರಿದ್ದು, ನಡುವಿನವು ಗೇರ್ ಬಾಕ್ಸಿನ ಕಡೆಗೆ ಸೇರಿದವು. ಸ್ಪ್ರಿಂಗುಗಳು ಇಡೀ ಅಡಕಲನ್ನು ಒತ್ತಿ ಹಿಡಿದಿರುತ್ತವೆ. ಒತ್ತಿ ಹಿಡಿದಾಗ ಎಲ್ಲವೂ ಒಂದಾಗಿ ತಿರುಗಿ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ಕಡ್ಡಿ ಹಿಡಿದರೆ ಸ್ಪ್ರಿಂಗಿನ ಒತ್ತು ಸಡಿಲಾಗಿ ರೊಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಎಂಜಿನ್ನು ತನ್ನ ಪಾಡಿಗೆ, ಚಕ್ರ ತನ್ನ ಪಾಡಿಗೆ. ನಾವು ಹಿಡಿಯುವ ಕಡ್ಡಿ ಬಿಗಿ ಅನ್ನಿಸುವುದಕ್ಕೆ ಈ ಸ್ಪ್ರಿಂಗುಗಳೇ ಕಾರಣ.

ಇನ್ನು ಗೇರ್ ಬಾಕ್ಸು. ಗೇರ್ ಬದಲಿಸುವಾಗ ಹಲ್ಲಿನ ಚಕ್ರಗಳು ಒಂದನ್ನೊಂದು ಬಿಟ್ಟು ಇನ್ನೊಂದಕ್ಕೆ ಹೋಗಿ ಕೂಡುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಮೋಟಾರ್ ಸೈಕಲ್ಲಿನಲ್ಲಿ ಹಾಗಲ್ಲ. ಎಲ್ಲ ಜೋಡಿಗಳೂ ಯಾವಾಗಲೂ ಕೂಡಿಯೇ ಇರುತ್ತವೆ. ಆದರೆ ಪ್ರತಿ ಜೋಡಿಯಲ್ಲೂ ಒಂದು ಚಕ್ರ ತನ್ನ ದಂಡದ ಮೇಲೆ ಸುಮ್ಮನೆ ತಿರುಗುತ್ತಿರುತ್ತದೆ. ಪಕ್ಕದ ಚಕ್ರದ ಮೈಮೇಲಿನ ದಪ್ಪ ಗೂಟಗಳು ಸರಿದು ಬಂದು ಇದರ ಗುಳಿಗಳಲ್ಲಿ ಕುಳಿತಾಗ ಮಾತ್ರ ಆ ಜೋಡಿಗೆ ಕೆಲಸ. ಈ ಗೂಟಗಳಿಗೆ ಇಂಗ್ಲಿಷಿನವರು ಡಾಗ್ ಎಂದು ಹೆಸರಿಟ್ಟಿದ್ದಾರೆ. ನಾಯಿ! ಹೆಸರು ಸುಳ್ಳಲ್ಲ. ಎಂಜಿನ್ನು ಜಗ್ಗುತ್ತಿರುವಷ್ಟು ಹೊತ್ತು ಅವು ಕಚ್ಚಿ ಹಿಡಿದದ್ದನ್ನು ಬಿಡುವುದಿಲ್ಲ. ಗೂಟದ ಮಗ್ಗುಲನ್ನು ಸ್ವಲ್ಪ ಒಳಓರೆಯಾಗಿ ಕೊರೆದಿರುವುದೂ ಉಂಟು. ಜಗ್ಗಿದಷ್ಟೂ ಕಚ್ಚು ಇನ್ನೂ ಬಿಗಿ.

ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತು ಕಣ್ಣಿಯನ್ನು ಜಗ್ಗಿ ನಿಂತಿದ್ದಾಗ ಗೂಟದ ಗಂಟು ಬಿಚ್ಚಲು ಹೋದರೆ ಉಗುರು ಮುರಿಯುತ್ತದೆ ಹೊರತು ಗಂಟು ಬಿಚ್ಚುವುದಿಲ್ಲ. ಅದೇ ಎತ್ತು ಒಂದು ಹೆಜ್ಜೆ ಗೂಟದ ಕಡೆ ಬಂತೋ, ಹಗ್ಗ ಸಡಿಲಾಗಿ ಗಂಟು ಬೆರಳ ತುದಿಗೆ ಬಿಚ್ಚುತ್ತದೆ. ಗೇರ್ ಬದಲಿಸುವ ವಿದ್ಯೆಯೆಲ್ಲ ಇಷ್ಟೇ: ಹಗ್ಗ ಒಂದು ಕ್ಷಣ ಸಡಿಲಾಗಬೇಕು. ಕ್ಲಚ್ ಹಿಡಿಯುವುದು ಹಗ್ಗ ಸಡಿಲಿಸುವ ಒಂದು ದಾರಿ. ಅದೊಂದೇ ದಾರಿಯಲ್ಲ.

ಯೆಜ್ಡಿಯವರು ಹಿಡಿದ ದಾರಿ ಎಂದರೆ ಕ್ಲಚ್ ಹಿಡಿಯುವ ಕೆಲಸವನ್ನೇ ಕಾಲಿಗೆ ಒಪ್ಪಿಸುವುದು. ಮೂಲದಲ್ಲಿ ಇದು ಜೆಕ್ ದೇಶದ ಜಾವಾ ಕಂಪನಿಯ ಉಪಾಯ. 1946ರಲ್ಲಿ ಜನರ ಮುಂದೆ ಬಂದ ಅವರ 250 ಸಿಸಿಯ ಪೆರಾಕ್ ಗಾಡಿಯಲ್ಲೇ ಇದು ಇತ್ತು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ ತಯಾರಾಗತೊಡಗಿತು. ಮುಂದೆ ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. ಅದರ ಎಡಗಡೆಯ ಗೇರ್ ಕಡ್ಡಿಯೇ ಒಂದು ಅಚ್ಚರಿ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್, ಕೆಳಗೆ ತಿರುಗಿಸಿದರೆ ಅದೇ ಗೇರ್. ಆ ಕಡ್ಡಿಯ ದಂಡಕ್ಕೆ ಒಳಗೆ ಒಂದು ಉಬ್ಬು ಇದೆ. ಕಾಲು ಕಡ್ಡಿಯನ್ನು ಒತ್ತಲು ತೊಡಗಿದ ಕೂಡಲೇ ಮೊದಲು ಆ ಉಬ್ಬು ಕ್ಲಚ್ಚಿನ ಸರಳನ್ನು ದೂಡಿ ರೊಟ್ಟಿಗಳನ್ನು ಸಡಿಲಿಸುತ್ತದೆ. ಕಾಲು ಇನ್ನೂ ಒತ್ತಿದರೆ ಗೇರ್ ಬೀಳುತ್ತದೆ. ಕಾಲು ತೆಗೆದರೆ ಕ್ಲಚ್ ಮತ್ತೆ ಕೂಡುತ್ತದೆ. ಕೈಗೂ ಒಂದು ಕ್ಲಚ್ ಕಡ್ಡಿ ಇತ್ತು. ನಿಂತ ಗಾಡಿಯನ್ನು ಹೊರಡಿಸಲು ಎಲ್ಲರೂ ಬಳಸುತ್ತಿದ್ದುದು ಅದನ್ನೇ.

ಮಾವನಿಗೆ ಅದೂ ಸಾಧ್ಯವಿರಲಿಲ್ಲವಲ್ಲ. ಅವನು ಹೊರಡುವುದನ್ನೂ ಕಾಲಿನಲ್ಲೇ ಕಲಿತ. ಗೇರ್ ಕಡ್ಡಿಯನ್ನು ಒತ್ತಿ ಒಂದನೇ ಗೇರಿಗೆ ಹಾಕುವುದು, ಹಾಗೆಯೇ ಒತ್ತಿ ಹಿಡಿಯುವುದು, ಆಮೇಲೆ ನಿದ್ದೆ ಹೋದ ಕೂಸನ್ನು ಹಾಸಿಗೆಗೆ ಇಳಿಸುವಷ್ಟು ಮೆಲ್ಲಗೆ ಕಾಲು ಸಡಿಲಿಸುವುದು. ಮೊದಲ ವಾರ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಹದಿನೈದು ದಿನಕ್ಕೆ ಹದ ಬಂತು. ಹಿಂದಿನ ಬ್ರೇಕು ಬಲಗಾಲಿಗೆ, ಮುಂದಿನದು ಬಲಗೈಗೆ. ಎಡಗೈಗೆ ಹ್ಯಾಂಡಲ್ ಮೇಲೆ ಒರಗಿಕೊಂಡಿರುವುದಷ್ಟೇ ಕೆಲಸ. ಮಾಲೀಕರು ಮಾತಿಗೆ ತಪ್ಪಲಿಲ್ಲ. ವಸೂಲಿ ಕೆಲಸ ಮಾವನ ಕೈಯಲ್ಲೇ, ಅಲ್ಲ, ಕಾಲಲ್ಲೇ ಉಳಿಯಿತು. ಮೂರು ಮಕ್ಕಳೂ ಓದಿದ್ದು ಅದೇ ಸಂಬಳದಲ್ಲಿ.

ರಜೆಯಲ್ಲಿ ಸಿಂಧನೂರಿಗೆ ಹೋದಾಗಲೆಲ್ಲ ಅವನ ಹಿಂದೆ ಕುಳಿತು ತಿರುಗುವುದು ನನ್ನ ಪಾಲಿನ ಸಂಭ್ರಮ. ಊರು ದಾಟಿದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಹಸಿರು ಗದ್ದೆಗಳು. ಮಸ್ಕಿಯ ಕಡೆ ಹೋದಂತೆ ಬಂಡೆ, ಗುಡ್ಡ, ಜೋಳದ ಹೊಲ. ಒಮ್ಮೆ ಮಸ್ಕಿಯಲ್ಲಿ ವಸೂಲಿ ಮುಗಿಸಿ ಹೊರಡಬೇಕು, ಗಾಡಿ ಕಾಲಿನ ಮಾತು ಕೇಳಲಿಲ್ಲ. ಕೈಯ ಕಡ್ಡಿಯೂ ಸತ್ತ ಹಾಗೆ ಜೋತು ಬಿದ್ದಿತ್ತು. ಕೈ ಕಡ್ಡಿ, ಕಾಲಿನ ಕಡ್ಡಿ ಎರಡೂ ಕೊನೆಗೆ ದೂಡುವುದು ಒಳಗಿನ ಒಂದೇ ಸರಳನ್ನು. ಅಲ್ಲೇ ಎಲ್ಲೋ ಸಡಿಲಾಗಿತ್ತು. ಮೆಕ್ಯಾನಿಕ್ ಮದುವೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದರು. ಮಾವನ ಚೀಲದಲ್ಲಿ ಅವತ್ತೇ ಲಿಂಗಸುಗೂರಿನಲ್ಲಿ ಕಟ್ಟಬೇಕಾದ ಅಂಗಡಿಯ ದುಡ್ಡಿತ್ತು.

ಚಹಾ ಕುಡಿಯುತ್ತ ಮಾವ ಗುಡ್ಡದ ಕಡೆ ನೋಡುತ್ತ ಕುಳಿತ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ಗೆ ಅಶೋಕನ ಶಾಸನ ಸಿಕ್ಕ ಊರು ಅದು. ದೇವಾನಾಂಪ್ರಿಯ ಎನ್ನುವವನು ಅಶೋಕನೇ ಎಂದು ಗಟ್ಟಿಯಾದದ್ದು ಆ ಬಂಡೆಯಿಂದ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಇದು ಸಾಧ್ಯ ಎಂಬ ಅರ್ಥದ ಮಾತು ಅದರಲ್ಲಿದೆ. ಅಶೋಕ ಹೇಳಿದ್ದು ಧರ್ಮದ ವಿಷಯ. ಮಾವನಿಗೆ ಆಗ ಸಾಧಿಸಬೇಕಾಗಿದ್ದುದು ಲಿಂಗಸುಗೂರು. ಲೋಟ ಕೆಳಗಿಟ್ಟು ಎದ್ದ. "ಕ್ಲಚ್ಚಿಲ್ಲದೆ ಹೋಗೂಣು, ನೂಕು" ಎಂದ.

ನ್ಯೂಟ್ರಲ್‌ನಲ್ಲಿ ಎಂಜಿನ್ ಹಚ್ಚಿ, ನಾನು ನೂಕುತ್ತ ಓಡಿ, ಗಾಡಿಗೆ ಸ್ವಲ್ಪ ವೇಗ ಬಂದ ಮೇಲೆ ಮಾವ ಒಂದನೇ ಗೇರಿಗೆ ಒದ್ದ. ಕಟಕ್ ಎಂದಿತು. ನಾನು ಓಡಿಕೊಂಡೇ ಹಿಂದೆ ಜಿಗಿದೆ. ಆಮೇಲಿನದು ನೋಡುವಂಥದು. ಆಕ್ಸಿಲರೇಟರ್ ಕೊಟ್ಟು ವೇಗ ಹತ್ತಿಸಿ, ಕಾಲ ತುದಿಯನ್ನು ಕಡ್ಡಿಯ ಕೆಳಗೆ ಹದವಾಗಿ ಆನಿಸಿ ಎತ್ತಿ ಹಿಡಿದು, ಬಲಗೈಯನ್ನು ಚೂರೇ ಚೂರು ಇಳಿಸುತ್ತಿದ್ದ. ಇಳಿಸಿದ ಆ ಅರೆಕ್ಷಣದಲ್ಲಿ ಎಂಜಿನ್ನಿನ ಜಗ್ಗಾಟ ನಿಂತು ಗೇರ್ ತಾನಾಗಿ ಜಾರಿ ಬೀಳುತ್ತಿತ್ತು. "ಎತ್ತು ಹಿಂದಕ ಬಂದಾಗ ಬಿಚ್ಚಬೇಕು. ಕಾಲು ತಯಾರಿರಬೇಕು, ಅವಸರ ಮಾಡಬಾರದು" ಎಂದು ಹಿಂದೆ ತಿರುಗಿ ಕೂಗಿ ಹೇಳಿದ. ಲಿಂಗಸುಗೂರು ಮುಟ್ಟುವವರೆಗೆ ಎಲ್ಲೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ನೂಕಬೇಕಾಗಿತ್ತಲ್ಲ!

ಈಗ ಮೊಮ್ಮಗನ ಗಾಡಿಗೆ ಬರೋಣ. ಮಾವನ ಬಲಗೈ ಅವತ್ತು ಏನು ಮಾಡಿತೋ ಕ್ವಿಕ್ ಶಿಫ್ಟರ್ ಮಾಡುವುದೂ ಅದನ್ನೇ. ಗೇರ್ ಕಡ್ಡಿಯ ಸರಳಿಗೆ ಒಂದು ಸಣ್ಣ ಸೆನ್ಸರ್ ಕೂರಿಸಿರುತ್ತಾರೆ. ಕಾಲಿನ ಒತ್ತು ಬಿದ್ದ ಕೂಡಲೇ ಅದು ಎಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರ್ ಕಿಡಿಯನ್ನೋ ಪೆಟ್ರೋಲನ್ನೋ ಒಂದು ಚಣ ತಡೆಹಿಡಿಯುತ್ತದೆ. ಆ ಚಣ ಎಷ್ಟು? ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐವತ್ತೋ ನೂರೋ ಪಾಲು. ಕಣ್ಣರೆಪ್ಪೆ ಒಮ್ಮೆ ಬಡಿಯುವುದಕ್ಕೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಹಗ್ಗ ಸಡಿಲಾಗಿ, ಗೂಟ ಗುಳಿಯಿಂದ ಜಾರಿ, ಮುಂದಿನ ಗೇರಿನ ಗುಳಿಗೆ ಹೋಗಿ ಕುಳಿತಿರುತ್ತದೆ. ಕಿಡಿ ಮತ್ತೆ ಹೊತ್ತುತ್ತದೆ. ಸವಾರ ಆಕ್ಸಿಲರೇಟರ್ ಪೂರ್ತಿ ತಿರುವಿಕೊಂಡೇ ಇರಬಹುದು. ಕ್ಲಚ್ಚಿನ ರೊಟ್ಟಿಗಳು ಒತ್ತಿಕೊಂಡೇ ಇರುತ್ತವೆ. ಸೈಲೆನ್ಸರಿನಿಂದ ಪಟ್ ಎಂಬ ಒಂದು ಸದ್ದು, ಅಷ್ಟೇ.

ಗೇರ್ ಇಳಿಸುವಾಗ ಕತೆ ತಿರುವುಮುರುವು. ಆಗ ಜಗ್ಗುವುದು ಎಂಜಿನ್ನಲ್ಲ, ಚಕ್ರ. ಅದು ಎಂಜಿನ್ನನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ಜೊತೆಗೆ ಕೆಳಗಿನ ಗೇರಿಗೆ ಎಂಜಿನ್ನು ಇನ್ನೂ ಜೋರಾಗಿ ತಿರುಗುತ್ತಿರಬೇಕು. ಆದ್ದರಿಂದ ಕಂಪ್ಯೂಟರ್ ಕಿಡಿ ತಡೆಯುವ ಬದಲು ತಾನೇ ಆಕ್ಸಿಲರೇಟರನ್ನು ಒಮ್ಮೆ ಗುರ್ ಎನ್ನಿಸುತ್ತದೆ. ಆಕ್ಸಿಲರೇಟರಿಗೆ ತಂತಿಯ ಬದಲು ವಿದ್ಯುತ್ತಿನ ಮೋಟಾರು ಇರುವ ಗಾಡಿಗಳಲ್ಲಿ ಇದು ಸುಲಭ. ಅದಿಲ್ಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಏರಿಸಲಿಕ್ಕೆ ಮಾತ್ರ ಕ್ವಿಕ್ ಶಿಫ್ಟರ್, ಇಳಿಸಲಿಕ್ಕೆ ಪುನಃ ಎಡಗೈಯೇ ಗತಿ.

ಇಂಥ ಗಾಡಿ ಇರುವವರು ಒಂದೆರಡು ಮಾತು ನೆನಪಿಡುವುದು ಒಳ್ಳೆಯದು. ಕಾಲಿನ ಒತ್ತು ಗಟ್ಟಿಯಾಗಿ, ಒಂದೇ ಸಲಕ್ಕೆ ಇರಬೇಕು. ಅಂಜುತ್ತ ಅರ್ಧ ಒತ್ತಿದರೆ ಗೂಟ ಗುಳಿಯ ಅಂಚಿನಲ್ಲೇ ನಿಂತು ಕಟಕಟ ಕಡಿಯುತ್ತದೆ. ಕಡಿದು ಕಡಿದು ಅದರ ಮೂಲೆ ಸವೆದರೆ ಆಮೇಲೆ ಗೇರ್ ತಾನಾಗಿ ಜಾರತೊಡಗುತ್ತದೆ. ಓಡಿಸುವಾಗ ಕಾಲನ್ನು ಗೇರ್ ಕಡ್ಡಿಯ ಮೇಲೆ ಸುಮ್ಮನೆ ಇಟ್ಟುಕೊಳ್ಳಲೂ ಬಾರದು. ಸೆನ್ಸರಿಗೆ ಅದು ಅಪ್ಪಣೆಯಂತೆ ಕಂಡೀತು. ತೀರ ನಿಧಾನದಲ್ಲಿ, ಸಂತೆಯ ದಾರಿಯಲ್ಲಿ, ಗೇರ್ ಗದಕ್ಕನೆ ಬೀಳುವುದರಿಂದ ಕೈಯ ಕ್ಲಚ್ಚೇ ವಾಸಿ.

ಗಾಡಿ ಮನೆಗೆ ಬಂದ ದಿನ ಮಾವ ಅದರ ಸುತ್ತ ಎರಡು ಸುತ್ತು ಬಂದ. ಮೊಮ್ಮಗ ಅಜ್ಜನನ್ನು ಹಿಂದೆ ಕೂರಿಸಿಕೊಂಡು ಮಸ್ಕಿಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಬಂದ. ಇಳಿದ ಮಾವನ ಮುಖದಲ್ಲಿ ಬೆಳಕು. "ಎತ್ತು ಹಿಂದಕ ಬರೂದನ್ನ ಇದು ತಾನ ನೋಡ್ಕೊಳ್ತದ. ಭಾಳ ಚಲೋ" ಎಂದ. ಆಮೇಲೆ ಮೊಮ್ಮಗನನ್ನು ಇಳಿಸಿ ತಾನು ಸೀಟಿನ ಮೇಲೆ ಕುಳಿತ. ಎಪ್ಪತ್ತು ದಾಟಿದವನು. ಬೇಡ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ಎಂಜಿನ್ ಹಚ್ಚಿದ. ಗೇರ್ ಕಡ್ಡಿಯನ್ನು ಹಳೆಯ ರೂಢಿಯಂತೆ ಒತ್ತಿ ಹಿಡಿದ. ಗಾಡಿ ಗಕ್ಕೆಂದು ಅಲ್ಲೇ ಬಂದಾಯಿತು.

ಕ್ವಿಕ್ ಶಿಫ್ಟರಿಗೆ ಓಡುವ ಗಾಡಿಯ ಭಾಷೆ ಮಾತ್ರ ಗೊತ್ತು. ನಿಂತ ಗಾಡಿಯನ್ನು ಹೊರಡಿಸುವಾಗ ಎಂಜಿನ್ನು ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಇಬ್ಬರನ್ನೂ ಮೆಲ್ಲಗೆ ಒಂದುಗೂಡಿಸಲು ರೊಟ್ಟಿಗಳು ಜಾರಲೇಬೇಕು. ಅದಕ್ಕೆ ಕ್ಲಚ್ಚು, ಕ್ಲಚ್ಚಿಗೆ ಎಡಗೈ. ನಿಲ್ಲಿಸುವಾಗಲೂ ಅದೇ. ಮಾವ ಹ್ಯಾಂಡಲ್ಲಿನ ಕ್ಲಚ್ ಕಡ್ಡಿಯನ್ನು ಕಿರುಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ಇಳಿದ. "ಓಡೂದನ್ನ ಕಲಿಸ್ಯಾರ. ಹೊಂಡೂದನ್ನ ಯಾರು ಕಲಿಸ್ತಾರ ಇದಕ್ಕ?" ಎಂದ.

ಅವನ ಪ್ರಶ್ನೆಗೆ ಉತ್ತರ ಇಲ್ಲದಿಲ್ಲ. 1958ರಲ್ಲಿ ಜಪಾನಿನ ಹೋಂಡಾ ತಂದ ಸೂಪರ್ ಕಬ್ ಗಾಡಿಗೆ ಕೈಯ ಕ್ಲಚ್ಚೇ ಇರಲಿಲ್ಲ. ಎಂಜಿನ್ನಿನ ಸುತ್ತು ಹೆಚ್ಚಿದಂತೆ ತಾನೇ ಕೂಡಿಕೊಳ್ಳುವ ಕ್ಲಚ್ಚು. ಶಾವಿಗೆಯ ಅಂಗಡಿಯ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಅದರ ಹಿಂದಿನ ಆಲೋಚನೆ ಎನ್ನುತ್ತಾರೆ. 2017ರ ಹೊತ್ತಿಗೆ ಅಂಥ 10 ಕೋಟಿ ಗಾಡಿಗಳು ತಯಾರಾಗಿದ್ದವು. ಅದೇ ಬಗೆಯ ಹೀರೋ ಹೋಂಡಾ ಸ್ಟ್ರೀಟ್ 1997ರಲ್ಲಿ ನಮ್ಮಲ್ಲಿ ಬಂತು. ಜನ ಮೂಸಿ ನೋಡಲಿಲ್ಲ. 2009ರಲ್ಲಿ ಟಿವಿಎಸ್‌ನವರು ಕ್ಲಚ್ ಕಡ್ಡಿಯಿಲ್ಲದ ಜೈವ್ ಎಂಬ ಗಾಡಿ ತಂದರು. ಅದೂ ಕೆಲವೇ ವರ್ಷ ಬಾಳಿ ನಿಂತಿತು. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮರಳಿ ಬಂದವು. ಹೆಸರು ಬಂತು, ರೂಪು ಬಂತು. ಕಾಲಿನ ಕ್ಲಚ್ಚು ಮಾತ್ರ ಬರಲಿಲ್ಲ.

ಗೇರಿಲ್ಲದ ಸ್ಕೂಟರ್ ಇದೆಯಲ್ಲ ಎನ್ನಬಹುದು. ಮಗಳು ಅದನ್ನೂ ಕೊಡಿಸಲು ಹೋಗಿದ್ದಳು. ಅದರಲ್ಲಿ ಹಿಂದಿನ ಬ್ರೇಕೇ ಎಡಗೈಗೆ! ಎರಡು ಕೈಯೂ ಗಟ್ಟಿ ಇರುವವರಿಗೆ ಅದು ಆರಾಮ. ಮಾವನಿಗೆ ಅದು ಬ್ರೇಕಿಲ್ಲದ ಗಾಡಿ. ಒಬ್ಬರಿಗೆ ಸವಲತ್ತು ಮಾಡುವಾಗ ಇನ್ನೊಬ್ಬರ ಕೈ ನೆನಪಾಗುವುದಿಲ್ಲ. ಕ್ವಿಕ್ ಶಿಫ್ಟರ್ ಹುಟ್ಟಿದ್ದು ರೇಸಿನಲ್ಲಿ ಸೆಕೆಂಡಿನ ಚೂರು ಉಳಿಸಲಿಕ್ಕೆ. ಅದು ಉಳಿಸುತ್ತಲೂ ಇದೆ. ಆದರೆ ಲಿಂಗಸುಗೂರಿಗೆ ಹೋಗಿ ಬರುವವನಿಗೆ ಸೆಕೆಂಡಿನ ಚೂರಿನಿಂದ ಆಗಬೇಕಾದದ್ದು ಏನೂ ಇಲ್ಲ.

ಈಚೆಗೆ ಒಂದು ಸುದ್ದಿ ಓದಿ ಮಾವನಿಗೆ ಫೋನ್ ಮಾಡಿದೆ. 2024ರಲ್ಲಿ ಹೋಂಡಾದವರು ತಮ್ಮ 650 ಸಿಸಿಯ ಗಾಡಿಗಳಿಗೆ ಇ-ಕ್ಲಚ್ ಎಂಬುದನ್ನು ಹಾಕಿದ್ದಾರೆ. ಕೈಯ ಕಡ್ಡಿ ಇದ್ದೇ ಇರುತ್ತದೆ. ಮುಟ್ಟದಿದ್ದರೆ ಹೊರಡುವಾಗ, ನಿಲ್ಲುವಾಗ, ಗೇರ್ ಬದಲಿಸುವಾಗ ವಿದ್ಯುತ್ ಮೋಟಾರುಗಳೇ ಕ್ಲಚ್ಚನ್ನು ನೋಡಿಕೊಳ್ಳುತ್ತವೆ. ಹಿಂದಿನ ಬ್ರೇಕು ಕಾಲಿಗೇ. ಎಲ್ಲ ಕೇಳಿಸಿಕೊಂಡ ಮಾವ ಬೆಲೆ ಕೇಳಿದ. ಹಲವು ಲಕ್ಷ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡು, ಕ್ವಿಕ್ ಶಿಫ್ಟರ್ ಸಣ್ಣ ಗಾಡಿಗೆ ಇಳೀತಲ್ಲ, ಅದೂ ಇಳೀತದ. ಅಲ್ಲಿತನಕ ಯೆಜ್ಡಿಗೆ ಪ್ಲಗ್ ಸಿಗತಾವ" ಎಂದು ಫೋನ್ ಇಟ್ಟ.